ಇಪ್ಪತ್ತನೇ ಶತಮಾನ ಕೇರಿಗೆ ಬಂದದ್ದು ಯಾವಾಗ?

ಇಪ್ಪತ್ತನೇ ಶತಮಾನದ ದೊಡ್ಡ ಘಟನೆಗಳು ಯಾವುವು, ದೊಡ್ಡ ಸಂಶೋಧನೆಗಳು ಯಾವುವು ಅಂತ ಕೇಳಿದರೆ ನಮ್ಮ ಹೈಸ್ಕೂಲು ಹುಡುಗರು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. 1903, ರೈಟ್ ಸಹೋದರರ ವಿಮಾನ. 1914, ಮೊದಲ ಮಹಾಯುದ್ಧ. 1917, ರಷ್ಯಾದ ಕ್ರಾಂತಿ. 1928, ಪೆನಿಸಿಲಿನ್. 1945, ಹಿರೋಷಿಮಾ. 1947, ಸ್ವಾತಂತ್ರ್ಯ, ಅದೇ ವರ್ಷದ ಕೊನೆಗೆ ಅಮೆರಿಕದಲ್ಲಿ ಟ್ರಾನ್ಸಿಸ್ಟರ್. 1969, ಚಂದ್ರನ ಮೇಲೆ ಮನುಷ್ಯ. ನೌಕರಿ ಪರೀಕ್ಷೆಯ ಗೈಡುಗಳಲ್ಲೂ ಇದೇ ಪಟ್ಟಿ. ಉರು ಹೊಡೆದವನಿಗೆ ನಂಬರು.

ಈ ಪಟ್ಟಿ ಸುಳ್ಳಲ್ಲ. ಆದರೆ ಇದು ಅರ್ಧ ಪಟ್ಟಿ. ಇದರಲ್ಲಿ ಪ್ರತಿಯೊಂದರ ಮುಂದೆ ಒಂದೇ ಒಂದು ಇಸವಿ ಇದೆ. ನಾವು ಎರಡು ಇಸವಿ ಕೇಳುತ್ತೇವೆ. ಒಂದು ವಸ್ತು ಹುಟ್ಟಿದ ಇಸವಿ ಒಂದು. ಅದು ಕಟ್ಟಕಡೆಯ ಮನೆಯ ಹೊಸ್ತಿಲು ದಾಟಿದ ಇಸವಿ ಇನ್ನೊಂದು. ಮೊದಲನೆಯದನ್ನು ವಿಜ್ಞಾನಿ ಬರೆಯುತ್ತಾನೆ. ಎರಡನೆಯದನ್ನು ಬರೆಯುವುದು ಊರು, ಸರ್ಕಾರ, ಜಾತಿ, ಹಣ. ಈ ಎರಡು ಇಸವಿಗಳ ನಡುವೆ ಬಿದ್ದಿರುವ ವರ್ಷಗಳಲ್ಲಿ ನಮ್ಮ ತಾತ ಮುತ್ತಾತಂದಿರು ಹುಟ್ಟಿದರು, ದುಡಿದರು, ಸತ್ತರು. ಆ ವರ್ಷಗಳ ಚರಿತ್ರೆಯನ್ನು ಯಾರೂ ನಮಗೆ ಪಾಠ ಮಾಡಲಿಲ್ಲ.

ಕೆಲವು ಉದಾಹರಣೆ ತೆಗೆದುಕೊಂಡು ನೋಡೋಣ.

1

ಮೊದಲು ಬೆಳಕು. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ಅಷ್ಟು ದೂರಕ್ಕೆ ಕರೆಂಟು ಸಾಗಿಸಿದ್ದು ಆ ಕಾಲಕ್ಕೆ ಲೋಕವೇ ತಿರುಗಿ ನೋಡುವಂಥ ಕೆಲಸ. ತಂತಿ ಸುಮಾರು 92 ಮೈಲಿ ಹೋಯಿತು. ಎಲ್ಲಿಗೆ? ಕೋಲಾರದ ಚಿನ್ನದ ಗಣಿಗೆ. ಜಾನ್ ಟೇಲರ್ ಕಂಪನಿಯವರ ಗಣಿಯಲ್ಲಿ ಅದಿರು ಕುಟ್ಟಲು, ನೀರೆತ್ತಲು, ಆಳದಿಂದ ಕಲ್ಲು ಮೇಲಕ್ಕೆಳೆಯಲು ಶಕ್ತಿ ಬೇಕಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಆಮೇಲೆ ಮೈಸೂರಿಗೆ.

ಆ ಗಣಿಯೊಳಗೆ ಇಳಿದವರು ಯಾರು? ತಮಿಳು, ತೆಲುಗು ಜಿಲ್ಲೆಗಳಿಂದ ಜೀತ, ಬರ, ಹಸಿವು ತಪ್ಪಿಸಿಕೊಂಡು ಬಂದ ಜನ. ಅವರಲ್ಲಿ ಹೆಚ್ಚಿನವರು ಆದಿದ್ರಾವಿಡರು, ನಮ್ಮಂಥವರೇ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿ ಚಿನ್ನ ತೆಗೆದರು. ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಳಕೊಂಡರು. ಆದರೆ ಸುಮ್ಮನೆ ತಲೆ ಬಗ್ಗಿಸಿ ಕೂತವರಲ್ಲ. 1930ರಲ್ಲಿ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂದು ಕಂಪನಿ ಹೇಳಿದಾಗ ಕೆಲಸ ನಿಲ್ಲಿಸಿ ಬೀದಿಗೆ ಬಂದರು. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಎಲ್ಲೆಲ್ಲಿಗೋ ಹೋಯಿತು, ಕಲ್ಲುಪುಡಿಯ ಗುಡ್ಡಗಳು ಮಾತ್ರ ಅವರ ಮಕ್ಕಳಿಗೆ ಉಳಿದವು.

ಸರಿ, ಶಿವನಸಮುದ್ರದಿಂದ ಕೋಲಾರದವರೆಗೆ ಆ ತಂತಿ ಎಷ್ಟು ಹಳ್ಳಿಗಳ ನೆತ್ತಿಯ ಮೇಲೆ ಹಾದುಹೋಗಿರಬೇಕು, ಲೆಕ್ಕ ಹಾಕಿ. ಕೆಳಗಿನ ಕೇರಿಗಳಲ್ಲಿ ಸೀಮೆಎಣ್ಣೆ ಬುಡ್ಡಿ. ಬಡವರ ಮನೆಗೆ ಒಂದೊಂದು ಬಲ್ಬು ಕೊಡುವ ಭಾಗ್ಯಜ್ಯೋತಿ ಯೋಜನೆ ಕರ್ನಾಟಕದಲ್ಲಿ ಬಂದದ್ದು 1980ರ ಆಸುಪಾಸಿನಲ್ಲಿ. ಪ್ರತಿ ಮನೆಗೂ ಕರೆಂಟು ಕೊಡುತ್ತೇವೆ ಅಂತ ಕೇಂದ್ರ ಸರ್ಕಾರ ಸೌಭಾಗ್ಯ ಯೋಜನೆ ಸಾರಿದ್ದು 2017ರಲ್ಲಿ. 1902 ಎಲ್ಲಿ, 2017 ಎಲ್ಲಿ? ಹೆಸರು ನೋಡಿ: ಒಂದು ಭಾಗ್ಯ, ಇನ್ನೊಂದು ಸೌಭಾಗ್ಯ. ಪಟ್ಟಣದವನಿಗೆ ಕರೆಂಟು ಹಕ್ಕು, ಕೇರಿಯವನಿಗೆ ಹಣೆಬರಹ! "ಕಂಬ ನೆಟ್ಟು ಹೋದ ಮೇಲೆ ಎಷ್ಟೋ ವರ್ಸ ಆ ಕಂಬಕ್ಕೆ ಎಮ್ಮೆ ಕಟ್ತಿದ್ವಿ ಕಣ್ಲಾ, ದೀಪ ಎಲ್ಲಿತ್ತು" ಅನ್ನುವ ಅಜ್ಜಿಯರು ನಮ್ಮ ಕಡೆ ಇವತ್ತೂ ಇದ್ದಾರೆ. ಅವರ ಮಾತು ಯಾವ ಗೈಡಿನಲ್ಲೂ ಇಲ್ಲ.

2

ಇನ್ನು ಅನ್ನ. ಶತಮಾನದ ಎಲ್ಲಕ್ಕಿಂತ ದೊಡ್ಡ ಸಂಶೋಧನೆ ಯಾವುದು ಅಂದರೆ ವಿಮಾನವಲ್ಲ, ಕಂಪ್ಯೂಟರೂ ಅಲ್ಲ, ಗಾಳಿಯಿಂದ ಗೊಬ್ಬರ ಮಾಡಿದ್ದು ಅನ್ನುವವರಿದ್ದಾರೆ. ಮಾತಿನಲ್ಲಿ ತೂಕವಿದೆ. ಗಾಳಿಯಲ್ಲಿ ಮುಕ್ಕಾಲು ಪಾಲು ಸಾರಜನಕ. ಆದರೆ ಪೈರು ಅದನ್ನು ನೇರವಾಗಿ ಉಣ್ಣಲಾರದು. ಜರ್ಮನಿಯ ಫ್ರಿಟ್ಸ್ ಹಾಬರ್ 1909ರಲ್ಲಿ ಭಾರೀ ಒತ್ತಡ, ಭಾರೀ ಶಾಖದಲ್ಲಿ ಗಾಳಿಯ ಸಾರಜನಕವನ್ನು ಜಲಜನಕದ ಜೊತೆ ಕೂಡಿಸಿ ಅಮೋನಿಯಾ ಮಾಡಿ ತೋರಿಸಿದ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಗೆ ಇಳಿಸಿದ. 1913ರಲ್ಲಿ ಓಪ್ಪೌ ಎಂಬಲ್ಲಿ ಉತ್ಪಾದನೆ ಶುರುವಾಯಿತು. ಇವತ್ತು ಲೋಕದ ಸುಮಾರು ಅರ್ಧದಷ್ಟು ಜನರ ಊಟ ಈ ಗೊಬ್ಬರದ ಮೇಲೆ ನಿಂತಿದೆ ಎಂದು ತಿಳಿದವರು ಅಂದಾಜು ಮಾಡುತ್ತಾರೆ.

ಆದರೆ ಮರು ವರ್ಷವೇ ಮಹಾಯುದ್ಧ. ಅದೇ ಅಮೋನಿಯಾ ಸಿಡಿಮದ್ದಾಯಿತು. ಅದೇ ಹಾಬರ್ 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಕ್ಲೋರಿನ್ ವಿಷಗಾಳಿ ಬಿಡಿಸಲು ಮುಂದೆ ನಿಂತ. ಅನ್ನ ಕೊಟ್ಟ ಕೈಯೇ ಉಸಿರು ಕಟ್ಟಿಸಿತು. ಅವನಿಗೆ ನೊಬೆಲ್ ಬಂತು. ಹುಟ್ಟಿನಿಂದ ಯಹೂದಿಯಾದ ಅವನೂ 1933ರಲ್ಲಿ ಹಿಟ್ಲರನ ಆಳ್ವಿಕೆ ಬಂದ ಮೇಲೆ ದೇಶ ಬಿಡಬೇಕಾಯಿತು. ದೇಶಕ್ಕಾಗಿ ಏನೆಲ್ಲ ಮಾಡಿದರೂ ಹುಟ್ಟು ಕೇಳುವ ವ್ಯವಸ್ಥೆ ಹುಟ್ಟನ್ನೇ ಕೇಳುತ್ತದೆ. ಇದು ನಮಗೆ ಹೊಸದೇನಲ್ಲ.

ನಮ್ಮ ದೇಶದಲ್ಲಿ ಸಿಂಧ್ರಿಯ ದೊಡ್ಡ ಗೊಬ್ಬರ ಕಾರ್ಖಾನೆ 1951ರಲ್ಲಿ ಶುರುವಾಯಿತು. ಅರವತ್ತರ ದಶಕದಲ್ಲಿ ಹೊಸ ತಳಿಯ ಗೋಧಿ, ಹೊಸ ತಳಿಯ ಭತ್ತ ಬಂದವು. ಹಸಿರು ಕ್ರಾಂತಿ ಅಂದರು. ಇಳುವರಿ ಏರಿದ್ದು ನಿಜ, ಬರಗಾಲದ ಭಯ ತಗ್ಗಿದ್ದು ನಿಜ. ಆದರೆ ಗೊಬ್ಬರ ಹಾಕಬೇಕಾದರೆ ಹೊಲ ಇರಬೇಕಲ್ಲ? ಹೊಲ ಇಲ್ಲದವನಿಗೆ ಹಸಿರು ಕ್ರಾಂತಿ ಅಂದರೆ ಹೆಚ್ಚು ನಾಟಿ, ಹೆಚ್ಚು ಕುಯಿಲು, ಹೆಚ್ಚು ಹೊರೆ. ತಮಿಳುನಾಡಿನ ತಂಜಾವೂರು ಸೀಮೆಯ ಕೂಲಿಗಳು ಭತ್ತ ಜಾಸ್ತಿ ಬೆಳೆದಿದೆ, ಕೂಲಿಯನ್ನೂ ಜಾಸ್ತಿ ಅಳೆಯಿರಿ ಅಂದರು. 1968ರ ಡಿಸೆಂಬರ್ 25ರ ರಾತ್ರಿ ಕೀಳವೆಣ್ಮಣಿ ಎಂಬ ಊರಲ್ಲಿ 44 ದಲಿತರನ್ನು ಸುಟ್ಟರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಒಂದು ಗುಡಿಸಲೊಳಗೆ ಜೀವ ಉಳಿಸಿಕೊಳ್ಳಲು ಹೊಕ್ಕವರು ಅಲ್ಲೇ ಬೂದಿಯಾದರು. 1973ರಲ್ಲಿ ಮದರಾಸು ಹೈಕೋರ್ಟು ಭೂಮಾಲೀಕರನ್ನು ಬಿಡುಗಡೆ ಮಾಡಿತು. ಇವರೆಲ್ಲ ಶ್ರೀಮಂತರು, ಒಬ್ಬರ ಬಳಿ ಕಾರೂ ಇದೆ, ಇಂಥವರು ಆಳುಗಳನ್ನು ಬಿಟ್ಟು ತಾವೇ ನಡೆದುಹೋಗಿ ಬೆಂಕಿ ಇಟ್ಟರೆಂದು ನಂಬುವುದು ಕಷ್ಟ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿತ್ತು. ಮೋಟಾರು ಕಾರು ಶತಮಾನದ ದೊಡ್ಡ ಸಂಶೋಧನೆ ಅಂತ ಗೈಡುಗಳು ಬರೆಯುತ್ತವೆ. ಅದು ಹೀಗೂ ಕೆಲಸ ಮಾಡಿದೆ ಅಂತ ನಾವು ಸೇರಿಸಬೇಕು.

3

ಇಲ್ಲಿ ಕೆಲವು ಗೆಳೆಯರು ಒಂದು ಮಾತು ಎತ್ತುತ್ತಾರೆ. "ಎಲ್ಲ ದೇಶದಲ್ಲೂ ಹೊಸ ವಸ್ತು ಮೊದಲು ಉಳ್ಳವರಿಗೆ ಸಿಗುತ್ತೆ, ಆಮೇಲೆ ಬಡವರಿಗೆ ಇಳಿಯುತ್ತೆ. ಇದು ಬಡತನದ ಪ್ರಶ್ನೆ, ಜಾತಿಯನ್ನ ಯಾಕೆ ತರ್ತೀರಿ?" ಅಂತ. ಅವರಿಗೆ ನೀರಿನ ಕಥೆ ಹೇಳಬೇಕು.

1908ರಲ್ಲಿ ಅಮೆರಿಕದ ಜರ್ಸಿ ಸಿಟಿಯಲ್ಲಿ ಊರಿಗೆಲ್ಲ ಕೊಡುವ ನೀರಿಗೆ ಸತತವಾಗಿ ಕ್ಲೋರಿನ್ ಬೆರೆಸಲು ಶುರುಮಾಡಿದರು. ಈಪ್ರ್‌ನಲ್ಲಿ ಜನರನ್ನು ಕೊಂದದ್ದೂ ಕ್ಲೋರಿನ್ನೇ, ಇಲ್ಲಿ ಟೈಫಾಯಿಡ್, ಕಾಲರಾದಿಂದ ಉಳಿಸಿದ್ದೂ ಕ್ಲೋರಿನ್ನೇ. ಹಾಗೆ ನೀರನ್ನು ಶುದ್ಧ ಮಾಡುವ ವಿದ್ಯೆ ಲೋಕದ ಪಟ್ಟಣಗಳಿಗೆಲ್ಲ ಹಬ್ಬಿತು.

ಹತ್ತೊಂಬತ್ತು ವರ್ಷದ ಮೇಲೆ, 1927ರ ಮಾರ್ಚ್ 20ರಂದು, ಬಾಬಾಸಾಹೇಬರು ಮಹಾಡದ ಚವದಾರ ಕೆರೆಗೆ ಇಳಿದು ನೀರು ಮುಟ್ಟಿ ಕುಡಿದರು. ಅವರ ಹಿಂದೆ ಸಾವಿರಾರು ಜನ. ಸಾರ್ವಜನಿಕ ಕೆರೆ, ಬಾವಿ ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಬೊಂಬಾಯಿ ಶಾಸನ ಸಭೆ 1923ರಲ್ಲೇ ಠರಾವು ಮಾಡಿತ್ತು. ಮಹಾಡದ ಪುರಸಭೆ 1924ರಲ್ಲಿ ಒಪ್ಪಿಕೊಂಡಿತ್ತು. ಕಾಗದದ ಮೇಲೆ ಕೆರೆ ನಮ್ಮದೇ. ಆದರೆ ನೀರು ಕುಡಿದವರ ಮೇಲೆ ದೊಣ್ಣೆ ಬಿದ್ದವು. ಆಮೇಲೆ 108 ಕೊಡ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆ "ಶುದ್ಧಿ" ಮಾಡಿದರು. ಅದೇ ವರ್ಷ ಡಿಸೆಂಬರ್ 25ರಂದು ಅದೇ ಮಹಾಡದಲ್ಲಿ ಮನುಸ್ಮೃತಿಗೆ ಬೆಂಕಿ ಬಿತ್ತು. ಕೋರ್ಟಿನ ದಾವೆ ಮಾತ್ರ 1937ರವರೆಗೆ ಎಳೆಯಿತು. ಕೊನೆಗೆ ಬೊಂಬಾಯಿ ಹೈಕೋರ್ಟು ನಮ್ಮ ಕಡೆಗೆ ತೀರ್ಪು ಕೊಟ್ಟಿತು.

ಈಗ ಯೋಚಿಸಿ. ಆ ಕೆರೆಗೆ ಪೈಪು ಬೇಕಿರಲಿಲ್ಲ, ಯಂತ್ರ ಬೇಕಿರಲಿಲ್ಲ, ಒಂದು ಕಾಸಿನ ಖರ್ಚೂ ಇರಲಿಲ್ಲ. ಕೆರೆ ಅಲ್ಲೇ ಇತ್ತು. ನೀರೂ ಇತ್ತು. ದನ ಎಮ್ಮೆ ಕುಡಿಯುತ್ತಿದ್ದವು. ಹಾಗಿದ್ದೂ 1923ರಿಂದ 1937ರವರೆಗೆ ಹದಿನಾಲ್ಕು ವರ್ಷ ಹಿಡಿಯಿತು. ಇದು ಬಡತನದ ಲೆಕ್ಕ ಹೇಗಾದೀತು? ಕೊಳವೆ ಹಾಕಲು ಸರ್ಕಾರಕ್ಕೆ ದುಡ್ಡಿಲ್ಲ ಅಂದರೆ ಒಪ್ಪಬಹುದು. ತೋಡಿದ ಬಾವಿಯ ಹಗ್ಗ ಮುಟ್ಟಬೇಡ ಅನ್ನೋದಕ್ಕೆ ಯಾವ ಬಜೆಟ್ಟು ಕಾರಣ?

ಅದಕ್ಕೇ ಮಹಾಡದ ಆ ದಿನವನ್ನು ಶತಮಾನದ ಘಟನೆಗಳ ಸಾಲಿನಲ್ಲಿ ರಷ್ಯಾದ ಕ್ರಾಂತಿಯ ಪಕ್ಕದಲ್ಲೇ ಬರೆಯಬೇಕು ಅಂತ ನಾವು ವಾದಿಸುತ್ತೇವೆ.

4

ಮತ್ತೊಂದು ವಾದ ಇದೆ. "ಇಷ್ಟು ದೊಡ್ಡ ದೇಶ, ಲಕ್ಷಾಂತರ ಹಳ್ಳಿ, ಕಟ್ಟಕಡೆಯ ಮನೆ ಮುಟ್ಟೋದು ಆಗದ ಮಾತು" ಅನ್ನುತ್ತಾರೆ. ಅವರಿಗೆ ಸಿಡುಬಿನ ಕಥೆ ಹೇಳಬೇಕು.

ಸಿಡುಬಿಗೆ ಲಸಿಕೆ ಕಂಡುಹಿಡಿದದ್ದು 1796ರಲ್ಲಿ, ಇಂಗ್ಲೆಂಡಿನ ಜೆನ್ನರ್. 1802ರಲ್ಲಿ ಅದು ಭಾರತಕ್ಕೂ ಬಂತು. ಆಮೇಲೂ ನೂರೆಪ್ಪತ್ತು ವರ್ಷ ನಮ್ಮವರು ಅಮ್ಮ ಬಂದಳು ಅಂತ ಬೇವಿನ ಸೊಪ್ಪಿನ ಮೇಲೆ ಮಲಗಿ ಸತ್ತರು, ಬದುಕಿದವರು ಮುಖದ ತುಂಬ ಕಲೆ ಹೊತ್ತು ತಿರುಗಿದರು, ಕಣ್ಣು ಕಳಕೊಂಡರು. 1967ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಬೇರುಸಹಿತ ಕೀಳುತ್ತೇವೆ ಅಂತ ಹೊರಟಿತು. ಎರಡು ಮೊನೆಯ ಒಂದು ಪುಟ್ಟ ಸೂಜಿ, ಕೆಡದಂತೆ ಒಣಗಿಸಿದ ಲಸಿಕೆ. ಇವೆರಡೇ ಆಯುಧ. 1974ರಲ್ಲಿ ಬಿಹಾರದ ಕಡೆ ರೋಗ ಭುಗಿಲೆದ್ದು ದೇಶದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗ ಆರೋಗ್ಯ ಕಾರ್ಯಕರ್ತರು ಸಿಡುಬಿನ ಮಗುವಿನ ಚಿತ್ರವಿದ್ದ ಕಾರ್ಡು ಹಿಡಿದು ಮನೆಮನೆ ಹತ್ತಿ ಇಳಿದರು. ಸಂತೆ, ಶಾಲೆ, ಗುಡಿಸಲು, ಟೆಂಟು, ಯಾವುದನ್ನೂ ಬಿಡಲಿಲ್ಲ. ರೋಗಿಯನ್ನು ತೋರಿಸಿಕೊಟ್ಟವರಿಗೆ ಬಹುಮಾನ ಕೊಟ್ಟರು. 1975ರ ಮೇ ತಿಂಗಳ ನಂತರ ಭಾರತದಲ್ಲಿ ಸಿಡುಬು ಕಾಣಲಿಲ್ಲ. 1980ರ ಮೇ ತಿಂಗಳಲ್ಲಿ ಲೋಕವೇ ಸಿಡುಬಿನಿಂದ ಮುಕ್ತ ಅಂತ ಸಾರಿದರು.

ಹೇಗಾಯಿತು ಇದು? ರೋಗಕ್ಕೆ ಜಾತಿ ಗೊತ್ತಿಲ್ಲ. ಕೇರಿಯ ಒಂದು ಗುಡಿಸಲು ಬಿಟ್ಟರೂ ಅಲ್ಲಿಂದ ಎದ್ದು ಅಗ್ರಹಾರಕ್ಕೂ ಬರುತ್ತದೆ, ದಿಲ್ಲಿಗೂ ಬರುತ್ತದೆ, ಲಂಡನ್ನಿಗೂ ಬರುತ್ತದೆ. ಆದ್ದರಿಂದ ಆ ಒಂದು ಸಲ ಕಟ್ಟಕಡೆಯ ಮನೆ ಎಲ್ಲರ ಪ್ರಶ್ನೆಯಾಯಿತು. ನಮ್ಮ ಕಾಯಿಲೆ ಅವರಿಗೂ ತಗುಲುವಂತಿದ್ದಾಗ ನಮ್ಮ ಬಾಗಿಲು ಹುಡುಕಿಕೊಂಡು ಬಂದರು. ನಮ್ಮ ಕತ್ತಲೆ, ನಮ್ಮ ಬಾಯಾರಿಕೆ ಅವರಿಗೆ ತಗುಲುವುದಿಲ್ಲ. ಆದ್ದರಿಂದ ಅವಕ್ಕೆ ಇನ್ನೂ ಟೈಮು ಬೇಕಂತೆ.

ಚವದಾರ ಕೆರೆಯನ್ನೂ ಸಿಡುಬಿನ ಸೂಜಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಖರ್ಚೇ ಇಲ್ಲದ ಕಡೆ ತಡೆದಿದ್ದಾರೆ. ಕಷ್ಟವಾದ ಕಡೆ ಮನಸ್ಸು ಮಾಡಿ ಮುಟ್ಟಿಸಿದ್ದಾರೆ.

5

ಹಾಗಂತ ಶತಮಾನದಿಂದ ನಮಗೇನೂ ಸಿಗಲಿಲ್ಲವೇ? ಸಿಕ್ಕಿದೆ. ಸಿಕ್ಕಿದ್ದರಲ್ಲಿ ದೊಡ್ಡದು ಓಟು. ಸ್ವಿಟ್ಜರ್ಲೆಂಡಿನಂಥ ದೇಶದಲ್ಲಿ ಹೆಂಗಸರಿಗೆ ರಾಷ್ಟ್ರಮಟ್ಟದ ಓಟು ಸಿಕ್ಕಿದ್ದು 1971ರಲ್ಲಿ. ಅಮೆರಿಕದ ಕಪ್ಪು ಜನ ಓಟು ಹಾಕಲು ಅಡ್ಡಿಯಾಗಿದ್ದ ತಂತ್ರಗಳನ್ನು ಮುರಿದ ಕಾನೂನು ಬಂದದ್ದು 1965ರಲ್ಲಿ. ನಮ್ಮ ಸಂವಿಧಾನ 1950ರಲ್ಲಿ ಒಂದೇ ಏಟಿಗೆ ಗಂಡಸು ಹೆಂಗಸು, ಹೊಲೆಯ ಬ್ರಾಹ್ಮಣ, ಓದಿದವನು ಓದದವನು ಎಲ್ಲರಿಗೂ ಒಂದೊಂದು ಓಟು ಕೊಟ್ಟಿತು. 1951-52ರಲ್ಲಿ ಮೊದಲ ಚುನಾವಣೆ. 1962ರಿಂದ ಬೆರಳಿಗೆ ಹಾಕುವ ಅಳಿಸಲಾಗದ ಶಾಯಿ ಮೈಸೂರಿನ ಕಾರ್ಖಾನೆಯಲ್ಲೇ ತಯಾರಾಗುತ್ತಿದೆ. ಮುಟ್ಟಬಾರದ ಬೆರಳಿಗೂ ಅದೇ ಶಾಯಿ, ಧಣಿಯ ಬೆರಳಿಗೂ ಅದೇ ಶಾಯಿ. ನಾವು ಇದನ್ನು ಸಣ್ಣ ಸಂಶೋಧನೆ ಅನ್ನುವುದಿಲ್ಲ.

ಯಂತ್ರ ನಾಗರಿಕತೆಯೇ ಕೆಟ್ಟದ್ದು, ಹಳೇ ಹಳ್ಳಿಗೆ ವಾಪಸು ಹೋಗೋಣ ಅನ್ನುವವರ ಜೊತೆಗೂ ನಮಗೆ ಜಗಳವಿದೆ. ಯಾವ ಹಳ್ಳಿಗೆ ಸ್ವಾಮಿ? ಊರ ಹೊರಗೆ ನಮ್ಮನ್ನಿಟ್ಟ ಹಳ್ಳಿಗೇ? ಅಂಬೇಡ್ಕರ್ ಯಂತ್ರವನ್ನು ಬೈಯಲಿಲ್ಲ. ಯಂತ್ರ ಬಂದರೆ ಬಡವನಿಗೂ ಬಿಡುವು ಸಿಕ್ಕೀತು, ಬಿಡುವು ಸಿಕ್ಕರೆ ಮನುಷ್ಯನಾಗಿ ಬದುಕಿಯಾನು ಎಂಬುದು ಅವರ ವಾದ. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಾಗ ಅವರು ದಾಮೋದರ ಕಣಿವೆಯಂಥ ನೀರು, ವಿದ್ಯುತ್ ಯೋಜನೆಗಳಿಗೆ ದುಡಿದರು. ತಪ್ಪು ಯಂತ್ರದ್ದಲ್ಲ. ಅದರ ಕೀಲಿ ಯಾರ ಕೈಲಿದೆ ಅನ್ನೋದು ಪ್ರಶ್ನೆ.

6

ಶತಮಾನದ ಕೊನೆಯ ವರ್ಷಕ್ಕೆ ಬರೋಣ. 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಶತಮಾನದ ಮೊದಲಲ್ಲಿ ಶಿವನಸಮುದ್ರದ ಕರೆಂಟು ಮುಟ್ಟಿದ್ದ ಅದೇ ಕೋಲಾರ ಜಿಲ್ಲೆ. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋದದ್ದು ನಿಜ, ಸುಟ್ಟವರು ಮಾತ್ರ ಯಾರೂ ಇಲ್ಲ!

ಅದೇ 2000ದ ಜೂನ್ 26ರಂದು ಮನುಷ್ಯನ ವಂಶವಾಹಿಯ ನಕ್ಷೆಯ ಕರಡು ಸಿದ್ಧವಾಯಿತೆಂದು ಅಮೆರಿಕದಲ್ಲಿ ಸಾರಿದರು. ಯಾವ ಜನಾಂಗದವರೇ ಆಗಲಿ, ಮನುಷ್ಯರೆಲ್ಲ ಶೇಕಡ 99.9ರಷ್ಟು ಒಂದೇ ಅಂತ ವಿಜ್ಞಾನ ಹೇಳಿತು. ಎರಡರ ನಡುವೆ ಮೂರೂವರೆ ತಿಂಗಳು. ಗೈಡಿನಲ್ಲಿ ಜೂನ್ 26 ಇದೆ. ಮಾರ್ಚ್ 11 ಇಲ್ಲ.

ಇನ್ನು ಮಲದ ಮಾತು. ಓದುವಾಗ ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ. ತಲೆ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದು ಎಪ್ಪತ್ತರ ದಶಕದ ಮೊದಲಲ್ಲಿ, ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ. ಅಷ್ಟರಲ್ಲಿ ಮನುಷ್ಯ ಚಂದ್ರನ ಮೇಲೆ ನಡೆದು ಬಂದಿದ್ದ. ಇಡೀ ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ. 2010ರ ಜುಲೈನಲ್ಲಿ ಸವಣೂರಿನ ಭಂಗಿ ಜನ ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಮೈಮೇಲೆ ಮಲ ಸುರಿದುಕೊಂಡು ನಿಂತರು. ಮ್ಯಾನ್‌ಹೋಲಿಗೆ ಇಳಿಯುವ ಯಂತ್ರವನ್ನು ಕೇರಳದ ಯುವಕರು 2018ರಲ್ಲೇ ಕೆಲಸಕ್ಕೆ ಇಳಿಸಿದರು. 2023ರ ಆಗಸ್ಟ್ 23ರಂದು ಬೆಂಗಳೂರಿನ ಕೋಣೆಯಲ್ಲಿ ಕೂತು ನಮ್ಮ ವಿಜ್ಞಾನಿಗಳು ಚಂದ್ರನ ದಕ್ಷಿಣ ಧ್ರುವದ ಹತ್ತಿರ ನೌಕೆ ಇಳಿಸಿದರು. ನಾವೂ ಹೆಮ್ಮೆಪಟ್ಟೆವು. ಎರಡು ತಿಂಗಳು ತುಂಬುವ ಮೊದಲೇ, ಅಕ್ಟೋಬರ್‌ನಲ್ಲಿ, ಚರಂಡಿಯೊಳಗೆ ಸತ್ತವರ ಮನೆಯವರಿಗೆ ಹತ್ತಲ್ಲ, ಮೂವತ್ತು ಲಕ್ಷ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಮೂರೂಮುಕ್ಕಾಲು ಲಕ್ಷ ಕಿಲೋಮೀಟರ್ ಆಚೆಗೆ ಮನುಷ್ಯನಿಲ್ಲದ ಯಂತ್ರ ಇಳಿಸುವ ದೇಶ, ಹತ್ತು ಅಡಿ ಗುಂಡಿಗೆ ಯಂತ್ರವಿಲ್ಲದ ಮನುಷ್ಯನನ್ನು ಇಳಿಸುತ್ತಿದೆ.

7

ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನಮ್ಮದೊಂದು ಸಲಹೆ. ಸಮಾಜ ಪಾಠದ ದಿನ ಕಪ್ಪುಹಲಗೆಯ ಮೇಲೆ ಎರಡು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಪುಸ್ತಕದ ಇಸವಿ ಬರೆಯಿರಿ. ಎರಡನೆಯದನ್ನು ತುಂಬಿಕೊಂಡು ಬನ್ನಿ ಅಂತ ಮಕ್ಕಳನ್ನು ಮನೆಗೆ ಕಳಿಸಿ. ಕೇರಿಗೆ ಮೊದಲ ಬಲ್ಬು ಬಂದದ್ದು ಯಾವಾಗ? ಮೊದಲ ನಲ್ಲಿ? ಮೊದಲ ಸಲ ಆಸ್ಪತ್ರೆಯಲ್ಲಿ ಹೆರಿಗೆಯಾದದ್ದು ಯಾರಿಗೆ? ಹತ್ತನೇ ಕ್ಲಾಸು ಮೊದಲು ಪಾಸಾದವರು ಯಾರು, ಯಾವ ವರ್ಷ? ಊರ ಹೋಟೆಲಿನಲ್ಲಿ ಬೇರೆ ಲೋಟ ತೆಗೆದದ್ದು ಯಾವ ಇಸವಿ? ಯಾರಿಗೂ ಹೆದರದೆ ತಮಗೆ ಬೇಕಾದವರಿಗೆ ಓಟು ಹಾಕಿದ್ದು ಯಾವ ಚುನಾವಣೆಯಲ್ಲಿ?

ಅಜ್ಜಿ ತಾತಂದಿರಿಗೆ ಇಸವಿ ನೆನಪಿರಲಿಕ್ಕಿಲ್ಲ. "ದೊಡ್ಡ ಬರ ಬಂದಿತ್ತಲ್ಲ, ಅದರ ಮರುವರ್ಷ" ಅಂದಾರು, "ನಿಮ್ಮಪ್ಪ ಅಂಬೆಗಾಲಿಡ್ತಿದ್ದ" ಅಂದಾರು. ಅದನ್ನೇ ಬರೆದುಕೊಳ್ಳಿ, ಲೆಕ್ಕ ಆಮೇಲೆ ಹಾಕೋಣ. ಕೆಲವು ಪ್ರಶ್ನೆಗಳ ಮುಂದೆ ಇನ್ನೂ ಬಂದಿಲ್ಲ ಅಂತ ಉತ್ತರ ಬರುತ್ತದೆ. ಆ ಜಾಗ ಖಾಲಿ ಬಿಡಿ, ಅಳಿಸಬೇಡಿ. ಪಂಚಾಯ್ತಿ ಕಟ್ಟೆಗೆ, ತಾಲ್ಲೂಕು ಆಫೀಸಿಗೆ ಹೋಗುವಾಗ ಆ ಖಾಲಿ ಜಾಗಗಳ ಪಟ್ಟಿಯನ್ನೇ ಅರ್ಜಿ ಮಾಡಿ ಹಿಡಿದುಕೊಂಡು ಹೋಗೋಣ.

ತುಂಬಿದ ಪಟ್ಟಿಯ ಒಂದು ಪ್ರತಿ ಪತ್ರಿಕೆಗೂ ಕಳಿಸಿ. ಊರಿನ ಹೆಸರು ಹಾಕಿ ಅಚ್ಚು ಮಾಡೋಣ.